ತೋಟೆ ಸಿಗದ ಪಿಸ್ತೂಲು

ಮಿಜಾರಿನಂಥ ಅಡಿಕೆ ತೋಟಗಳ ಊರಿನಲ್ಲಿ ಕೋವಿ ಎಂದರೆ ಉದ್ದ ನಳಿಗೆಯದು, ತುಳುವಿನ 'ಬೆಡಿ'. ಬೆಳೆ ರಕ್ಷಣೆಗೆಂದು ಪರವಾನಗಿ, ಹಂದಿ ಮಂಗಗಳನ್ನು ಬೆದರಿಸಲು ಸದ್ದು, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ. ಅದು ಯಾರ ಮೇಲೆ ಎಂದು ಯಾರೂ ಕೇಳುವುದಿಲ್ಲ. ಪಿಸ್ತೂಲು ಕೊಳ್ಳುವವರನ್ನು ಮಾತ್ರ ಕೇಳಲೇಬೇಕಾಗುತ್ತದೆ.

ನಮ್ಮಲ್ಲಿ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್. ಸೇನೆ, ಪೊಲೀಸರ ಗುಂಡು ನಾಗರಿಕರ ಕೈಯ ಆಯುಧಕ್ಕೆ ಹೊಂದಬಾರದೆಂಬುದು ಇದರ ಹಿಂದಿನ ತರ್ಕ. ಹಾಗಾಗಿ ಸಾಮಾನ್ಯರ ಪಾಲಿಗೆ ಹೆಚ್ಚಾಗಿ ಉಳಿಯುವುದು .32. ಮಹಿಳೆಯರಿಗೆಂದು 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ತಂದ 'ನಿರ್ಭೀಕ್' ರಿವಾಲ್ವರ್ ಕೂಡ ಇದೇ ಬೋರಿನದು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ ಇತ್ತು.

ಇದಕ್ಕಿಂತಲೂ ಅಪರೂಪದ ಬೋರಿನ ಹಳೆಯ ವಿದೇಶಿ ಪಿಸ್ತೂಲನ್ನು ಕೊಳ್ಳಬಯಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ: ಕುಸುರಿ ಚೆಂದ, ಚರಿತ್ರೆ ಇದೆ, ತೋಟೆಯೇ ಸಿಗದಿದ್ದ ಮೇಲೆ ಅಪಾಯವೆಲ್ಲಿ?

ನನಗೆ ತೊಡಕು ಕಾಣುವುದು ಅಲ್ಲೇ. ಎದುರಿಗೆ ನಿಂತವನಿಗೆ ಬೋರ್ ಎಷ್ಟೆಂದು ತಿಳಿಯದು. ಅವನ ಭಯ ಪೂರ್ತಿಯದೇ. ಇತ್ತ ಒಡೆಯನಿಗೆ ಅಭ್ಯಾಸಕ್ಕೂ ತೋಟೆಯಿಲ್ಲ. ಗುರಿ ಪಳಗದು, ರಕ್ಷಣೆ ಅರೆಬರೆ. ಅಂದರೆ ಬೆದರಿಕೆ ಇಡಿಯಾಗಿ ಉಳಿದು, ಅದನ್ನು ಸಮರ್ಥಿಸಬಹುದಾಗಿದ್ದ ಆತ್ಮರಕ್ಷಣೆ ಮಾತ್ರ ಸವೆದುಹೋಗುತ್ತದೆ.

ಒಂಟಿ ಮನೆಯವರ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಆ ಭಯಕ್ಕೆ ಬೇಕಿರುವುದು ನಂಬಬಹುದಾದ ಆಸರೆ, ಅಪರೂಪದ ವಸ್ತುವಲ್ಲ. ಚೆಂದಕ್ಕಾಗಿಯೇ ಬೇಕೆಂದರೆ, ಹಾಗೆಂದು ಒಪ್ಪಿಕೊಂಡು ಗುಂಡು ಹಾರದಂತೆ ಮಾಡಿಸಿ ಇಟ್ಟುಕೊಳ್ಳುವುದು ಹೆಚ್ಚು ಪ್ರಾಮಾಣಿಕ. ಬೆಡಿಗೆ 'ಹಂದಿಗೆ' ಎಂಬ ಉತ್ತರವಿದೆ. ಪಿಸ್ತೂಲಿನ ಉತ್ತರದಲ್ಲಿ ಯಾವಾಗಲೂ ಒಬ್ಬ ಮನುಷ್ಯನಿರುತ್ತಾನೆ. ಬೋರಿನ ಲೆಕ್ಕ ಆಮೇಲಿನದು.