ಪ್ರಾರ್ಥನೆಯಲ್ಲಿ ನಿಷ್ಕಪಟತೆ

ದೇವರು ಸರ್ವಜ್ಞನು. ಮಾನವನ ಅಂತರಂಗದಲ್ಲಿರುವುದಾವುದೂ ಆತನಿಗೆ ಮರೆಯಾದುದಲ್ಲ. ಹಾಗಿರುವಲ್ಲಿ ಆತನ ಮುಂದೆ ಬಾಯ್ದೆರೆದು ಬೇಡಿಕೊಳ್ಳುವುದೇತಕ್ಕೆ? ತಿಳಿದವನಿಗೆ ತಿಳಿಸುವುದರಿಂದ ಫಲವೇನು? ಭಕ್ತಿಮಾರ್ಗದಲ್ಲಿ ನಡೆಯುವವರೆಲ್ಲರಿಗೂ ಒಂದಿಲ್ಲೊಂದು ದಿನ ಎದುರಾಗುವ ಪ್ರಶ್ನೆಯಿದು. ಕ್ರೈಸ್ತಧರ್ಮದಲ್ಲಿ ಇದಕ್ಕೆ ದೊರೆತ ಸಮಾಧಾನವು ವಿಚಾರಯೋಗ್ಯವಾಗಿದೆ.

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಏಸುಕ್ರಿಸ್ತರು ಪ್ರಾರ್ಥನೆಯ ರೀತಿಯನ್ನು ಬೋಧಿಸಿರುವರು. ಜನರ ಕಣ್ಣಿಗೆ ಬೀಳಲೆಂದು ಬೀದಿಯಲ್ಲಿ ನಿಂತು ಪ್ರಾರ್ಥಿಸುವುದು ಸಲ್ಲದು; ಕೋಣೆಯ ಬಾಗಿಲಿಕ್ಕಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಬೇಕು. ಮಾತು ಹೆಚ್ಚಾದಷ್ಟೂ ದೇವರು ಕೇಳುವನೆಂಬ ಭ್ರಮೆ ಬೇಡ. ಬೇಡುವುದಕ್ಕೆ ಮೊದಲೇ ಆತನಿಗೆ ಎಲ್ಲವೂ ತಿಳಿದಿದೆ. ಇಷ್ಟನ್ನು ಹೇಳಿದ ಬಳಿಕ ಪ್ರಾರ್ಥನೆಯೇ ಅನಾವಶ್ಯಕವೆಂದು ಅವರು ಹೇಳಬಹುದಾಗಿತ್ತು. ಆದರೆ ಅದರ ಬೆನ್ನಿಗೇ ಕಿರಿದಾದೊಂದು ಪ್ರಾರ್ಥನೆಯನ್ನು ಕಲಿಸಿದರು. ಇದರ ಅಭಿಪ್ರಾಯವೇನು?

ಮಗುವೊಂದು ಹಾಲಿನ ಗಡಿಗೆಯನ್ನು ಒಡೆದು ಬಾಗಿಲ ಹಿಂದೆ ಅಡಗಿದೆಯೆನ್ನೋಣ. ತಾಯಿ ಅದನ್ನು ಕಂಡಿರುವಳು. ಆದರೂ ಮಗುವು ತಾನಾಗಿ ಬಂದು ಹೇಳಲೆಂದು ಕಾದಿರುವಳು. ಹೇಳಿದಾಗ ತಾಯಿಯ ತಿಳಿವು ಎಳ್ಳಷ್ಟೂ ಹೆಚ್ಚುವುದಿಲ್ಲ. ತಾಯಿಗೂ ಮಗುವಿಗೂ ನಡುವೆ ಬಿದ್ದಿದ್ದ ತೆರೆ ಮಾತ್ರ ಸರಿಯುವುದು. ಪ್ರಾರ್ಥನೆಯ ಪ್ರಯೋಜನವೂ ಇದೇ. ಬೇಡುವವನು ತನ್ನನ್ನು ಮರೆಮಾಚಿಕೊಳ್ಳುವುದನ್ನು ಬಿಡಬೇಕು.

ಆದರೆ ಇದು ಎಣಿಸಿದಷ್ಟು ಸುಲಭವಲ್ಲ. ಏಸುಕ್ರಿಸ್ತರು ಕಲಿಸಿದ ಆ ಪ್ರಾರ್ಥನೆಯಲ್ಲಿಯೇ, ತಾನು ಪರರನ್ನು ಕ್ಷಮಿಸಿದಂತೆ ತನ್ನನ್ನೂ ಕ್ಷಮಿಸಬೇಕೆಂಬ ಬಿನ್ನಹವಿದೆ. ಒಡಹುಟ್ಟಿದವನೊಡನೆ ಆಸ್ತಿಗಾಗಿ ಜಗಳವಾಡಿ, ಮನದಲ್ಲಿ ದ್ವೇಷವನ್ನು ತುಂಬಿಕೊಂಡ ಗೃಹಸ್ಥನು ಇದನ್ನು ಹೇಗೆ ಉಚ್ಚರಿಸಬೇಕು? ಅಭ್ಯಾಸಬಲದಿಂದ ನುಡಿದರೆ ಸುಳ್ಳಾಗುವುದು. ಸುಳ್ಳಿಗಂಜಿ ಪ್ರಾರ್ಥನೆಯನ್ನೇ ಬಿಟ್ಟರೆ ದ್ವೇಷವೇ ಮನೆಯೊಡೆಯನಾಗುವುದು. ಇವೆರಡೂ ಅಲ್ಲದ ದಾರಿಯೊಂದಿದೆ. ಕ್ಷಮಿಸುವ ಮನಸ್ಸು ತನಗಿಲ್ಲವೆಂಬ ನಿಜವನ್ನೇ ದೇವರ ಮುಂದಿಟ್ಟು, ಆ ಮನಸ್ಸನ್ನು ಕರುಣಿಸೆಂದು ಬೇಡಬಹುದು. ಹೀಗೆ ಬೇಡಿದವನು ಇನ್ನೂ ಕ್ಷಮಿಸಿಲ್ಲ, ದಿಟ. ಆದರೆ ತನ್ನ ದ್ವೇಷವನ್ನು ಧರ್ಮವೆಂದು ಸಮರ್ಥಿಸಿಕೊಳ್ಳುವುದನ್ನು ನಿಲ್ಲಿಸಿರುವನು. ಏಸುಕ್ರಿಸ್ತರೂ ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ, ಬರಲಿರುವ ಸಂಕಟವು ತಪ್ಪಲೆಂಬ ತಮ್ಮ ಇಚ್ಛೆಯನ್ನು ಮೊದಲು ಮುಚ್ಚುಮರೆಯಿಲ್ಲದೆ ಹೇಳಿಕೊಂಡು, ಆಮೇಲೆ ತಂದೆಯ ಚಿತ್ತಕ್ಕೆ ತಲೆಬಾಗಿದರು.

ಸಂತರ ಜೀವನದಲ್ಲಿಯೂ ಈ ನಿಷ್ಕಪಟತೆಯನ್ನು ಕಾಣಬಹುದು. ಸ್ಪೇನ್ ದೇಶದ ಆವಿಲಾ ನಗರದ ಸಂತ ತೆರೇಸಾ (1515–1582) ಧ್ಯಾನಮಾರ್ಗದ ಆಚಾರ್ಯಳೆಂದು ಪ್ರಸಿದ್ಧಳು. ಆದರೂ ಕೆಲವು ವರ್ಷಗಳ ಕಾಲ ಪ್ರಾರ್ಥನೆಯ ಹೊತ್ತು ಮುಗಿದರೆ ಸಾಕೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದುದನ್ನು ಆಕೆ ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿರುವಳು. ಬೇಸರವನ್ನು ಅಡಗಿಸಲಿಲ್ಲ, ಬೇಸರವಾಯಿತೆಂದು ಏಳಲೂ ಇಲ್ಲ. ನಿಯತವಾದ ಪ್ರಾರ್ಥನೆಯನ್ನೂ ಆಕೆ ಹೀನೈಸಲಿಲ್ಲ. ಏಸುಕ್ರಿಸ್ತರು ಕಲಿಸಿದ ಆ ಕೆಲವೇ ನುಡಿಗಳನ್ನು ಮನಸ್ಸಿಟ್ಟು ಹೇಳಿದರೆ ಅತ್ಯುನ್ನತ ಧ್ಯಾನಕ್ಕೂ ಏರಬಹುದೆಂಬುದು ಆಕೆಯ ಮತ.

ತೆರೇಸಾ ಸುಧಾರಿಸಿದ ಕಾರ್ಮೆಲ್ ಸಂನ್ಯಾಸಿಸಂಘದ ಪ್ಯಾರಿಸ್ ಮಠಕ್ಕೆ 1640ರಲ್ಲಿ, ಹಿಂದೆ ಸೈನಿಕನಾಗಿದ್ದವನೊಬ್ಬನು ಸೇರಿದನು. ಆತನೇ ಸಹೋದರ ಲಾರೆನ್ಸ್. ಆತನ ಪಾಲಿಗೆ ಬಂದುದು ಅಡುಗೆಮನೆಯ ಕೆಲಸ. ಅದು ಸ್ವಭಾವತಃ ಆತನಿಗೆ ಒಗ್ಗದ್ದು. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರೊಡನೆ ಸರಳವಾಗಿ ಮಾತನಾಡುವುದನ್ನು ರೂಢಿಸಿಕೊಂಡನು. ತಪ್ಪಿದಾಗ ನೆವ ಹೇಳದೆ, ಅತಿಯಾಗಿ ಕೊರಗದೆ, ತಪ್ಪನ್ನೊಪ್ಪಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದನು. ಈ ಸಹಜತೆಯೂ ಒಂದೇ ದಿನದಲ್ಲಿ ಬಂದುದಲ್ಲ. ಮೊದಲ ಹಲವು ವರ್ಷಗಳನ್ನು ಆತನು ಬಹಳ ತಳಮಳದಲ್ಲಿಯೇ ಕಳೆದನು. 1691ರಲ್ಲಿ ಆತನು ತೀರಿಕೊಂಡ ಮೇಲೆ ಆತನ ಪತ್ರಗಳೂ ಸಂಭಾಷಣೆಗಳೂ ಪ್ರಕಟವಾಗಿ ಅನೇಕ ದೇಶಗಳಲ್ಲಿ ಹರಡಿದವು.

ಇಲ್ಲಿ ಎಚ್ಚರವೊಂದು ಅವಶ್ಯ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಬಂದ ಇಬ್ಬರ ಸಾಮತಿಯಿದೆ. ಫರಿಸಾಯನು ತನ್ನ ವ್ರತ-ದಾನಗಳನ್ನು ಎಣಿಸಿ ಹೇಳಿದನು. ಸುಂಕದವನು ತಲೆಯೆತ್ತದೆ ಎದೆ ಬಡಿದುಕೊಂಡು ಕರುಣೆಯನ್ನಷ್ಟೇ ಬೇಡಿದನು. ದೇವರಿಗೆ ಒಪ್ಪಿತವಾದುದು ಅವನ ಮೊರೆ. ಈ ಕಥೆಯನ್ನೋದಿ, ತಾನು ಆ ಫರಿಸಾಯನಂತಲ್ಲವೆಂದು ಹಿಗ್ಗುವವನು ಆ ಗಳಿಗೆಯಲ್ಲಿಯೇ ಫರಿಸಾಯನಾಗುವನು. ಸರಳತೆಯನ್ನೂ ಆಡಂಬರವಾಗಿಸಬಲ್ಲ ಮನಸ್ಸಿನ ಚಾತುರ್ಯವು ಅಷ್ಟು ಸೂಕ್ಷ್ಮವಾದುದು.

ಆದುದರಿಂದ ಪ್ರಾರ್ಥಿಸುವವನು ಮಾತು ಉದ್ದವಾಯಿತೇ ಗಿಡ್ಡವಾಯಿತೇ ಎಂದು ಅಳೆಯುತ್ತ ಕೂರಬೇಕಾಗಿಲ್ಲ. ದೇವರ ಮುಂದೆ ಹೇಳಲು ನಾಚಿ ಉಳಿಸಿಕೊಂಡ ಮಾತಾವುದೆಂದು ನೋಡಿಕೊಂಡು, ಆ ದಿನ ಅದರಿಂದಲೇ ಪ್ರಾರಂಭಿಸಿದರೆ ಸಾಕು.