ಪುಣ್ಣಾ: ಲೆಕ್ಕಕ್ಕೆ ಇಟ್ಟ ಹೆಸರು



*ಇಂದಿನ ಧಮ್ಮ ಚಿಂತನೆ, ಶಿರ್ವ*

ಹೆಣ್ಣು ಮಗು ಹುಟ್ಟಿದ ಮನೆಯವರು "ಒಂದು ಒಳ್ಳೆಯ ಬೌದ್ಧ ಹೆಸರು ಹೇಳಿ" ಎಂದು ನಮ್ಮ ಬಳಗದಲ್ಲಿ ಕೇಳುತ್ತಿರುತ್ತಾರೆ. ಸುಜಾತಾ, ವಿಶಾಖಾ, ಯಶೋಧರಾ, ಖೇಮಾ ಎಂದು ನಾನೂ ಪಟ್ಟಿ ಕೊಡುತ್ತೇನೆ. ಆ ಪಟ್ಟಿಗೆ ಇಂದು ಇನ್ನೊಂದು ಹೆಸರು ಸೇರಿಸುತ್ತೇನೆ: ಪುಣ್ಣಾ.

ಪುಣ್ಣಾ ಶ್ರಾವಸ್ತಿಯ ಅನಾಥಪಿಂಡಿಕನ ಮನೆಯ ದಾಸಿಯ ಮಗಳು. ಪಾಲಿಯಲ್ಲಿ ಪುಣ್ಣಾ ಎಂದರೆ ತುಂಬಿದವಳು, ಪೂರ್ಣಾ. ಕೇಳಲು ಚಂದವೇ. ಆದರೆ ತುಂಬಿದ್ದು ಏನು? ಆಕೆ ಹುಟ್ಟಿದಾಗ ಆ ಮನೆಯ ದಾಸರ ಸಂಖ್ಯೆ 100 ತುಂಬಿತು, ಅದಕ್ಕೇ ಆ ಹೆಸರು ಎನ್ನುತ್ತದೆ ಅಟ್ಠಕಥೆ. ಮಗುವಿನ ಹೆಸರಿನಲ್ಲಿ ಧಣಿಯ ಲೆಕ್ಕ ಇತ್ತು.

ಹೆಣ್ಣಿನ ಹೆಸರಿನಲ್ಲಿ ಇನ್ನೊಬ್ಬರ ಲೆಕ್ಕ ಬರೆಯುವ ರೂಢಿ ಇಂದಿಗೂ ಹೋಗಿಲ್ಲ. ಚೀನಾದಲ್ಲಿ ಝಾವೋದಿ ಎಂಬ ಹಳೆಯ ಹೆಸರಿದೆ. ಅದರ ಅರ್ಥ "ತಮ್ಮನನ್ನು ಕರೆ". ಹುಟ್ಟಿದ ಮಗಳ ಹೆಸರೇ ಇನ್ನೂ ಹುಟ್ಟದ ಗಂಡಿಗೆ ಕರೆಯೋಲೆ! ನಮ್ಮ ಬಯಲುಸೀಮೆಯಲ್ಲಿ ಸಾಲಾಗಿ ಹೆಣ್ಣೇ ಹುಟ್ಟಿದರೆ "ಇನ್ನು ಸಾಕು" ಎಂದು ಸಾಕಮ್ಮ ಎಂದು ಕರೆದರು. ಬಾಬಾಸಾಹೇಬರು ಬಾಲ್ಯದಲ್ಲಿ ಶಾಲೆಗೆ ಹೋದ ಸಾತಾರಾ ಜಿಲ್ಲೆಯಲ್ಲಿ ನಕೂಸಾ, ಅಂದರೆ ಬೇಡವಾದವಳು ಎಂದು ಹೆಸರಿಟ್ಟರು. 2011ರ ಅಕ್ಟೋಬರಿನಲ್ಲಿ ಅಲ್ಲಿ ಅಂಥ 285 ಹೆಣ್ಣುಮಕ್ಕಳಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಡಲಾಯಿತು.

ನಮ್ಮ ತುಳುನಾಡಿಗೆ ಬನ್ನಿ. ಕೊರಗರಲ್ಲೂ ಇತರ ದಲಿತ ಕುಟುಂಬಗಳಲ್ಲೂ ಹುಟ್ಟಿದ ವಾರವೇ ಹೆಸರು. ಮಂಗಳವಾರದ ಅಂಗಾರೆ, ಶುಕ್ರವಾರದ ತುಕ್ರು, ಶನಿವಾರದ ತನಿಯಾರು. ವಾರದ ಹೆಸರಿನಲ್ಲಿ ಅವಮಾನವೇನಿಲ್ಲ. ಅವಮಾನ ಇದ್ದದ್ದು ಕರೆಯುವ ಬಾಯಿಯಲ್ಲಿ. ಎಂಬತ್ತರ ಅಜ್ಜಿಯನ್ನು ಧಣಿ ಮನೆಯ ಹತ್ತು ವರ್ಷದ ಹುಡುಗ ಅಂಗಳದಾಚೆ ನಿಲ್ಲಿಸಿ "ಏ ತುಕ್ರು" ಎಂದು ಕೂಗುತ್ತಿದ್ದ. ಕೊರಗಜ್ಜ ಎಂದು ಊರೇ ಕೈಮುಗಿಯುವ ಕೊರಗ ತನಿಯನ ಹೆಸರೂ ಶನಿವಾರದ್ದೇ. ಸತ್ತ ತನಿಯನಿಗೆ ಕೈಮುಗಿದವರೇ ಬದುಕಿದ್ದ ತನಿಯನನ್ನು ಅಂಗಳದಾಚೆ ನಿಲ್ಲಿಸಿದರು.

ಇದು ಬರೀ ರೂಢಿಯಾಗಿರಲಿಲ್ಲ. ಬ್ರಾಹ್ಮಣನಿಗೆ ಮಂಗಳಕರ ಹೆಸರು, ಶೂದ್ರನಿಗೆ ಹೇಸಿಗೆ ಹುಟ್ಟಿಸುವ ಹೆಸರು ಇಡಬೇಕೆಂದು ಮನುಸ್ಮೃತಿಯ ಎರಡನೇ ಅಧ್ಯಾಯವೇ ವಿಧಿಸುತ್ತದೆ. ಬಾಬಾಸಾಹೇಬರ ನೇತೃತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಆ ಪುಸ್ತಕವನ್ನೇ.

ಹಾಗಾದರೆ ಹೆಸರು ಬದಲಿಸಿದರೆ ಮುಗಿಯಿತೇ? ಇಲ್ಲ ಎಂದರು ಬಾಬಾಸಾಹೇಬರು. 1936ರ ಮೇ 31ರಂದು ಮುಂಬಯಿಯಲ್ಲಿ ಮತಾಂತರದ ಬಗ್ಗೆ ಮಾತನಾಡುತ್ತಾ, ಅದೇ ಧರ್ಮದೊಳಗೆ ಇದ್ದುಕೊಂಡು ಹೊಸ ಹೆಸರು ಹಾಕಿಕೊಂಡರೆ ಕಳಂಕ ಹೋಗುವುದಿಲ್ಲ, ಧರ್ಮ ಬದಲಿಸುವುದೇ ನಿಜವಾದ ಹೆಸರು ಬದಲಾವಣೆ ಎಂದು ವಿವರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅದನ್ನು ಮಾಡಿ ತೋರಿಸಿದರು.

ಈಗ ಮತ್ತೆ ಪುಣ್ಣಾಳ ಕಡೆಗೆ. ಆಕೆಯ ಕೆಲಸ ನೀರು ಹೊರುವುದು. ಚಳಿಗಾಲದಲ್ಲೂ ಒಡತಿಯರ ಬೈಗುಳಕ್ಕೆ, ಹೊಡೆತಕ್ಕೆ ಹೆದರಿ ಹೊಳೆಗೆ ಇಳಿಯಬೇಕಿತ್ತು. ಅಲ್ಲಿ ಪಾಪ ತೊಳೆಯಲೆಂದು ನಡುಗುತ್ತಾ ಮುಳುಗುತ್ತಿದ್ದ ಬ್ರಾಹ್ಮಣನನ್ನು ಕೇಳಿದಳು: ಸ್ನಾನದಿಂದಲೇ ಪಾಪ ಹೋಗುವುದಾದರೆ ಕಪ್ಪೆ, ಆಮೆಗಳೆಲ್ಲ ಸ್ವರ್ಗಕ್ಕೆ ಹೋಗಬೇಕಲ್ಲ? ಹೊಳೆ ಪಾಪವನ್ನು ಒಯ್ದರೆ ಪುಣ್ಯವನ್ನೂ ಒಯ್ಯಬೇಕಲ್ಲ? ಬ್ರಾಹ್ಮಣನಿಗೆ ಉತ್ತರ ಇರಲಿಲ್ಲ. ಅವನು ಬುದ್ಧನಿಗೆ ಶರಣಾದ. ಅನಾಥಪಿಂಡಿಕ ಆಕೆಯನ್ನು ದಾಸ್ಯದಿಂದ ಬಿಡಿಸಿದ. ಆಕೆ ಸಂಘ ಸೇರಿ ಅರಹಂತಳಾದಳು.

ಗಮನಿಸಿ, ಸಂಘ ಆಕೆಯ ಹೆಸರನ್ನು ಮುಚ್ಚಿಡಲಿಲ್ಲ. ರಾಣಿಯಾಗಿದ್ದ ಖೇಮಾಳ ಗಾಥೆಗಳಿರುವ ಥೇರೀಗಾಥೆಯಲ್ಲೇ ಪುಣ್ಣಾಳ ಗಾಥೆಗಳೂ ಇವೆ. ನೂರನೇ ದಾಸಿ ಎಂಬ ಹೆಸರನ್ನು ನಾವು ಇಂದು ಥೇರಿ ಎಂದು ಸೇರಿಸಿ, ಕೈಮುಗಿದು ಹೇಳುತ್ತೇವೆ.

ನಮ್ಮಲ್ಲಿ? ಮದುವೆಯ ಕಾಗದದಲ್ಲಿ ಅಜ್ಜಿಯ ಹೆಸರು ತುಕ್ರು ಎಂದು ಅಚ್ಚು ಹಾಕಲು ಮೊಮ್ಮಕ್ಕಳು ನಾಚುವುದನ್ನು ನಾನು ಕಂಡಿದ್ದೇನೆ. ಬಂಧುಗಳೇ, ನಾಚಬೇಕಾದವರು ಏಕವಚನದಲ್ಲಿ ಕೂಗಿದವರು. ಗದ್ದೆಯ ಕೆಸರಿನಲ್ಲಿ ಬಗ್ಗಿ ದುಡಿದು ನಮ್ಮನ್ನು ಶಾಲೆಗೆ ಕಳುಹಿಸಿದ ಅಜ್ಜಿಯಂದಿರಲ್ಲ.

ಇನ್ನೊಂದು ಮಾತು. ಮಲ್ಲಿಕಾ ರಾಣಿ ಹೆಣ್ಣು ಹೆತ್ತಾಗ ಪಸೇನದಿ ರಾಜ ಮುಖ ಸಣ್ಣದು ಮಾಡಿದ. ಹೆಣ್ಣು ಗಂಡಿಗಿಂತಲೂ ಮೇಲಾಗಬಲ್ಲಳು ಎಂದು ಭಗವಾನ್ ಬುದ್ಧರು ಅವನಿಗೆ ಹೇಳಿದರು. ಮಗಳಿಗೆ ವಿಶಾಖಾ ಎಂದು ಹೆಸರಿಟ್ಟು, ಮನಸ್ಸಿನಲ್ಲಿ "ಮುಂದಿನದು ಗಂಡಾಗಲಿ" ಎಂದುಕೊಂಡರೆ ನಾವು ಕರೆಯುತ್ತಿರುವುದು ಝಾವೋದಿ ಎಂದೇ.

*ಇಂದಿನ ಅಭ್ಯಾಸ:* ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಮನೆಯ ಮಕ್ಕಳಿಂದ ಬರೆಸಿ. ಪ್ರತಿ ಹೆಸರಿನ ಮುಂದೆ "ಅವರು" ಎಂದು ಸೇರಿಸಿ, ಗಟ್ಟಿಯಾಗಿ ಓದಿಸಿ. ತುಕ್ರು ಅವರು. ಅಂಗಾರೆ ಅವರು. ತನಿಯಾರು ಅವರು.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ, ಜೈ ಭೀಮ್ 💙