ಸಕ್ಕರೆ ಹಾಕಿಲ್ಲ ತಾನೆ?

ಆ ಕಾಯಿಲೆಗೆ ನಮ್ಮಲ್ಲಿ ಮಧುಮೇಹ ಎಂಬ ಅಂದವಾದ ಹೆಸರಿದೆ, ಸಿಹಿಮೂತ್ರ ರೋಗ ಎಂಬ ಪಠ್ಯಪುಸ್ತಕದ ಹೆಸರೂ ಇದೆ. ಮಾತಿನಲ್ಲಿ ಮಾತ್ರ ಎರಡೂ ಬರುವುದಿಲ್ಲ. ‘ಅವರಿಗೆ ಶುಗರ್ ಇದೆ’ ಎನ್ನುತ್ತೇವೆ. ಹೆಸರು ಹೀಗೆ ಬಿದ್ದುಹೋದದ್ದರಿಂದ ಕಾಯಿಲೆಯ ಹೊಣೆಯನ್ನೆಲ್ಲ ಡಬ್ಬದಲ್ಲಿರುವ ಬಿಳಿ ಹರಳಿನ ಮೇಲೆ ಹೊರಿಸಿ, ಉಳಿದ ಸಿಹಿಗಳನ್ನೆಲ್ಲ ಖುಲಾಸೆ ಮಾಡಿಬಿಟ್ಟಿದ್ದೇವೆ. ‘ಬೆಲ್ಲದ್ದು, ಏನೂ ಆಗಲ್ಲ, ತಗೊಳ್ಳಿ’ ಎಂದು ಎರಡನೆಯ ಹೋಳಿಗೆ ಬಡಿಸುವವರನ್ನು ನೀವೂ ಕಂಡಿರುತ್ತೀರಿ. ಜೇನುತುಪ್ಪಕ್ಕೆ ವಿನಾಯಿತಿ. ಖರ್ಜೂರಕ್ಕಂತೂ ಔಷಧದ ಮರ್ಯಾದೆ.

ನಾನು ತಿಂಗಳಿಗೊಮ್ಮೆ ಖರ್ಜೂರದ ಹೂರಣವಿಟ್ಟು ಓಟ್ಸ್ ಬಾರ್ ಮಾಡುತ್ತೇನೆ. ಕೆನಡಾದ ಪಶ್ಚಿಮ ಸೀಮೆಯಲ್ಲಿ ಇದು ಹಳೆಯ ಮನೆತಿಂಡಿ, ಅಲ್ಲಿ ಇದರ ಹೆಸರು ಮ್ಯಾಟ್ರಿಮೋನಿಯಲ್ ಕೇಕ್. ಮೇಲೆ ಒರಟು, ಒಳಗೆ ಮೆತ್ತಗೆ ಸಿಹಿ, ಥೇಟ್ ಸಂಸಾರದ ಹಾಗೆ ಎಂದು ಕೆಲವರು ಅರ್ಥ ಹೇಳುತ್ತಾರೆ. ಸಂಸಾರ ಮಾಡಿದವರು ಬೇಕಾದರೆ ನಗಬಹುದು. ಅಲ್ಲಿನವರು ಓಟ್ಸ್ ಜೊತೆಗೆ ಕಂದು ಸಕ್ಕರೆಯನ್ನು ಧಾರಾಳವಾಗಿ ಸುರಿಯುತ್ತಾರೆ, ನಾನು ಅದನ್ನು ಬಿಟ್ಟಿದ್ದೇನೆ. ಬೀಜ ತೆಗೆದ 250 ಗ್ರಾಂ ಖರ್ಜೂರವನ್ನು ಒಂದು ಕಪ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಹೂರಣ ತಳ ಬಿಟ್ಟು ಸೌಟಿನ ಜೊತೆ ಬರಬೇಕು. ಒಬ್ಬಟ್ಟು ಮಾಡಿದವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಎರಡು ಕಪ್ ಓಟ್ಸ್, ಒಂದು ಕಪ್ ಗೋಧಿ ಹಿಟ್ಟು, ಚಿಟಿಕೆ ಉಪ್ಪು, ಅರ್ಧ ಚಮಚ ಅಡುಗೆ ಸೋಡ, ಮುಕ್ಕಾಲು ಕಪ್ ಬೆಣ್ಣೆ. ಸಕ್ಕರೆಯಿಲ್ಲದ ಹಿಟ್ಟು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ, ಅದಕ್ಕೇ ಹೂರಣದಿಂದ ನಾಲ್ಕು ಚಮಚ ತೆಗೆದು ಹಿಟ್ಟಿಗೆ ಕಲೆಸುತ್ತೇನೆ. ಮುಷ್ಟಿ ಹಿಡಿದರೆ ತಂಬಿಟ್ಟಿನ ಹಾಗೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಅರ್ಧವನ್ನು ಟ್ರೇಯ ತಳಕ್ಕೆ ಒತ್ತಿ, ಮೇಲೆ ಹೂರಣ ಹರಡಿ, ಉಳಿದರ್ಧ ಉದುರಿಸಿ, 180 ಡಿಗ್ರಿಯಲ್ಲಿ 35 ನಿಮಿಷ. ಬಿಸಿಯಲ್ಲೇ ಕತ್ತರಿಸಿದರೆ ಪುಡಿಪುಡಿ. ಆರುವ ತನಕ ಎರಡು ಗಂಟೆ ಕಾಯಬೇಕು. ಅಷ್ಟರಲ್ಲಿ ವಾಸನೆ ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಗಿರುತ್ತದೆ.

ಕೆಳಗಿನ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. 70 ದಾಟಿದವರು, ಒಬ್ಬರೇ ಇರುವವರು, ಹದಿನೈದು ವರ್ಷದಿಂದ ಶುಗರ್. ಕಾಫಿಗೆ ಸಕ್ಕರೆ ಬಿಟ್ಟ ದಿನವನ್ನು ಮದುವೆಯ ದಿನದಷ್ಟೇ ಖಚಿತವಾಗಿ ನೆನಪಿಟ್ಟುಕೊಂಡಿದ್ದಾರೆ. ಹೋದ ತಿಂಗಳು ಒಂದು ಸಂಜೆ ಬಾಗಿಲ ಹತ್ತಿರ ನಿಂತು, “ಏನಮ್ಮ, ಘಮ್ ಅಂತಿದೆಯಲ್ಲ! ಸಕ್ಕರೆ ಹಾಕಿಲ್ಲ ತಾನೆ?” ಎಂದು ಕೇಳಿದರು.

ಆ ‘ತಾನೆ’ಯನ್ನು ಗಮನಿಸಿ. ಉತ್ತರವನ್ನು ಅವರೇ ತಯಾರು ಮಾಡಿಕೊಂಡು ಬಂದಿದ್ದರು, ನನ್ನಿಂದ ಸಹಿ ಮಾತ್ರ ಬೇಕಿತ್ತು. ‘ಇಲ್ಲ ಮೇಷ್ಟ್ರೇ, ಹಾಕಿಲ್ಲ’ ಎಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಯಾವ ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿದರೂ ನಾನು ಗೆಲ್ಲುತ್ತಿದ್ದೆ.

ಲೆಕ್ಕ ಮಾತ್ರ ಬೇರೆಯದನ್ನು ಹೇಳುತ್ತದೆ. 100 ಗ್ರಾಂ ಖರ್ಜೂರದಲ್ಲಿ 60 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ, ಹಣ್ಣೇ ತನ್ನೊಳಗೆ ಕಟ್ಟಿಕೊಂಡ ಸಕ್ಕರೆ. ನನ್ನ ಟ್ರೇಯಲ್ಲಿ ಹದಿನಾರು ತುಂಡು. ಒಂದೊಂದಕ್ಕೆ ಸುಮಾರು 10 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಎರಡೂವರೆ. ಓಟ್ಸ್ ಮತ್ತು ಗೋಧಿಯ ಪಿಷ್ಟವೂ ಕೊನೆಗೆ ಗ್ಲೂಕೋಸೇ ಆಗುವುದು, ಅದನ್ನು ಇಲ್ಲಿ ಸೇರಿಸಿಲ್ಲ. ಖರ್ಜೂರದಲ್ಲಿ ನಾರಿದೆ, ಓಟ್ಸ್‌ನಲ್ಲಿ ಬೀಟಾ ಗ್ಲುಕಾನ್ ಎಂಬ ಕರಗುವ ನಾರಿದೆ, ಹಾಗಾಗಿ ಬರಿಯ ಸಕ್ಕರೆ ತಿಂದಷ್ಟು ಬೇಗ ಏರುವುದಿಲ್ಲ ಎನ್ನುವುದೂ ನಿಜ. ಆದರೂ ಕಾಫಿಗೆ ಒಂದು ಚಮಚ ಹಾಕಿಕೊಳ್ಳದ ಮನುಷ್ಯ ಇಲ್ಲಿ ಎರಡೂವರೆ ಚಮಚವನ್ನು ನಿಶ್ಚಿಂತೆಯಿಂದ ನುಂಗುತ್ತಾನೆ.

ಹಾಗಾದರೆ, ಸುಳ್ಳಿಲ್ಲದ ಮಾತಿನಿಂದ ಒಬ್ಬರನ್ನು ಸುಳ್ಳು ನಂಬಿಕೆಗೆ ತಲುಪಿಸಿದರೆ ಅದು ಸುಳ್ಳೇ? ನಮಗೆ ಈ ಪ್ರಶ್ನೆ ಹೊಸದಲ್ಲ. ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಸೇರಿಸಿದ ಧರ್ಮರಾಯ ನಮಗೆಲ್ಲ ಗೊತ್ತು. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ತಾಗಿತು. ನನಗೆ ರಥಕ್ಕಿಂತ ದ್ರೋಣರು ಮುಖ್ಯ ಅನಿಸುತ್ತದೆ. ಸುದ್ದಿ ಭೀಮನ ಬಾಯಿಂದ ಬಂದಾಗ ಅವರು ನಂಬಲಿಲ್ಲ, ಇವನು ಸುಳ್ಳಾಡುವವನಲ್ಲ ಎಂದು ಧರ್ಮರಾಯನನ್ನೇ ಕೇಳಿದರು. ಅಷ್ಟು ದೊಡ್ಡ ಬಿಲ್ಲುಗಾರ ಆ ಒಂದು ಗಳಿಗೆ ಪೂರ್ತಿಯಾಗಿ ಶಿಷ್ಯನ ಕೈಯಲ್ಲಿದ್ದ.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಈ ವಿಷಯದಲ್ಲಿ ಮಹಾ ನಿಷ್ಠುರ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು 1797ರಲ್ಲಿ ಬರೆದವನು. ಅದಕ್ಕೆ ಮೂರು ವರ್ಷ ಹಿಂದೆ, 1794ರಲ್ಲಿ, ಅವನ ಧರ್ಮಕುರಿತಾದ ಬರಹಗಳಿಂದ ಸಿಟ್ಟಾದ ಪ್ರಷ್ಯಾದ ದೊರೆ ಅವನಿಗೆ ಎಚ್ಚರಿಕೆ ಕಳಿಸಿದ್ದ. ಮಹಾಪ್ರಭುಗಳ ನಿಷ್ಠಾವಂತ ಪ್ರಜೆಯಾಗಿ ಇನ್ನು ಆ ವಿಷಯ ಎತ್ತುವುದಿಲ್ಲ ಎಂದು ಕಾಂಟ್ ಬರೆದುಕೊಟ್ಟ. 1797ರಲ್ಲಿ ದೊರೆ ಸತ್ತ. ಮರುವರ್ಷ ಕಾಂಟ್ ಮತ್ತೆ ಬರೆದ. ತಾನು ಪ್ರಜೆಯಾಗಿದ್ದದ್ದು ಆ ದೊರೆಗೆ, ಮಾತು ಕೊಟ್ಟದ್ದೂ ಅವನು ಇರುವ ತನಕ, ಆ ಪದಗಳನ್ನು ಬೇಕೆಂದೇ ಆರಿಸಿದ್ದೆ ಎಂದು ತಾನೇ ಹೇಳಿಕೊಂಡ. ಸುಳ್ಳಿಲ್ಲ ನಿಜ, ಆದರೆ ದೊರೆ ನಂಬಿದ್ದು ಬೇರೆಯದನ್ನೇ ಇರಬೇಕು.

ಇದಕ್ಕಾಗಿ ಕಾಂಟ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. ಬಾಯಿ ಮುಚ್ಚಿಸುವ ಅಧಿಕಾರವಿದ್ದವನ ಎದುರು, ಆ ಅಧಿಕಾರವಿಲ್ಲದ ಮುದುಕ ಮಾತಿನ ಸಂದಿಯಲ್ಲಿ ನುಸುಳಿಕೊಂಡ, ಅಷ್ಟೆ. ಅಕ್ಷರಕ್ಕೆ ಸರಿಯಾದ ಮಾತು ದುರ್ಬಲನ ಕೈಯಲ್ಲಿ ಗುರಾಣಿ. ನನ್ನ ಅಡುಗೆಮನೆಯಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು? ಟ್ರೇಯೊಳಗೆ ಏನಿದೆ ಎಂದು ಗೊತ್ತಿದ್ದವಳು ನಾನು. ಮೇಷ್ಟ್ರಿಗೆ ವಾಸನೆ ಮಾತ್ರ ಗೊತ್ತು, ಉಳಿದದ್ದಕ್ಕೆ ನನ್ನನ್ನೇ ನಂಬಬೇಕು. ಹೀಗಿರುವಾಗ ‘ಹಾಕಿಲ್ಲ’ ಎಂಬ ಸರಿಯಾದ ಉತ್ತರದ ಹಿಂದೆ ನಾನು ಅಡಗಿಕೊಂಡರೆ ಗುರಾಣಿಯಿಂದಲೇ ಹೊಡೆದ ಹಾಗೆ. ಅವರ ಬಾಯಿ ಕೇಳಿದ್ದು ಸಕ್ಕರೆಯನ್ನು, ಅವರಿಗೆ ತಿಳಿಯಬೇಕಿದ್ದದ್ದು ನಾಳೆ ಬೆಳಗಿನ ರಕ್ತಪರೀಕ್ಷೆಯಲ್ಲಿ ಏನು ಬರುತ್ತದೆ ಎಂಬುದನ್ನು.

ಅಂಗಡಿಯ ಪೊಟ್ಟಣಗಳೂ ಇದೇ ಸಂದಿಯಲ್ಲಿ ಬದುಕುತ್ತವೆ. ನಮ್ಮ ದೇಶದ ನಿಯಮದಂತೆ 100 ಗ್ರಾಂನಲ್ಲಿ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ಶುಗರ್ ಫ್ರೀ ಎನ್ನಬಹುದು. ಸಕ್ಕರೆ ಸೇರಿಸಿಲ್ಲ ಎಂಬುದು ಬೇರೆಯೇ ಮಾತು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ಗಿರಾಕಿಗೆ ಎರಡೂ ಒಂದೇ.

ನಾನು ಹೇಳಿದೆ: “ಸಕ್ಕರೆ ಹಾಕಿಲ್ಲ ಮೇಷ್ಟ್ರೇ, ಆದರೆ ಪೂರಾ ಖರ್ಜೂರ. ಒಂದು ತುಂಡು ತಿಂದರೆ ಎರಡೂವರೆ ಚಮಚ ಸಕ್ಕರೆ ತಿಂದ ಲೆಕ್ಕ.”

ಅವರ ಮುಖ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು, “ಬರೀ ಇಲ್ಲ ಅಂದಿದ್ದರೆ ಎರಡು ತಿಂತಿದ್ದೆ ಕಣಮ್ಮ. ಪಾಪ ನಿನ್ನ ತಲೆಗೆ ಹೋಗ್ತಿತ್ತು” ಅಂದರು.

ಆ ಮಾತನ್ನು ನಾನು ಇನ್ನೂ ಮೆಲುಕು ಹಾಕುತ್ತಿದ್ದೇನೆ. ಅವರಿಗೆ ಖರ್ಜೂರ ಸಿಹಿ ಎಂಬುದು ಗೊತ್ತಿರಲಿಲ್ಲವೇ? ಮಗುವಿಗೂ ಗೊತ್ತು. ಅವರಿಗೆ ಬೇಕಿದ್ದದ್ದು ‘ನನಗೆ ಗೊತ್ತಿರಲಿಲ್ಲ’ ಎಂದು ಆಮೇಲೆ ಹೇಳಿಕೊಳ್ಳಲು ಒಂದು ಆಸರೆ. ಅದನ್ನು ನಾನು ಕಿತ್ತುಕೊಂಡೆ. ಒಂಟಿ ಮುದುಕರ ಒಂದು ಸಂಜೆಯ ಖುಷಿಗೆ ಲೆಕ್ಕದ ನೀರು ಎರಚುವುದು ಯಾವ ದೊಡ್ಡ ಧರ್ಮ ಎಂದು ನೀವು ಕೇಳಬಹುದು. ಸತ್ಯವನ್ನು ಉಪದೇಶವಾಗಿ ಬಡಿಸುವವರ ಬಗ್ಗೆ ನನಗೂ ಸಿಟ್ಟಿದೆ. ತಟ್ಟೆಗೆ ಕೈ ಹಾಕಿದ ಕೂಡಲೇ ಕಾಲು ಕತ್ತರಿಸಿದವರ ಕಥೆ ತೆಗೆಯುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರದು ಇನ್ನೊಂದು ಬಗೆಯ ಅನ್ಯಾಯ. ಮರೆಮಾಚಿ ತಿನ್ನಿಸುವವರೂ ಹೆದರಿಸಿ ಬಿಡಿಸುವವರೂ ಮುದುಕರ ಪರವಾಗಿ ತಾವೇ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಂಕಿಯನ್ನು ಹೇಳಿ ತಟ್ಟೆಯನ್ನು ಅಲ್ಲೇ ಇಟ್ಟೆ.

ಮೇಷ್ಟ್ರು ತುಂಡನ್ನು ಚಾಕುವಿನಿಂದ ಅರ್ಧ ಮಾಡಿದರು. ರಾತ್ರಿ ಒಂದು ಚಪಾತಿ ಬಿಡುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡು ಬಹಳ ನಿಧಾನವಾಗಿ ತಿಂದರು. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಕಥೆ ಅಷ್ಟಕ್ಕೇ ನಿಂತಿದ್ದರೆ ನನಗೆ ಸುಲಭವಾಗುತ್ತಿತ್ತು. ಭಾನುವಾರ ಅವರ ಮಗಳು ಪುಣೆಯಿಂದ ಫೋನ್ ಮಾಡಿದಳು. “ಅಕ್ಕಾ, ಅಪ್ಪ ಸಿಹಿ ಏನಾದರೂ ತಿಂತಿದ್ದಾರಾ? ನಿಜ ಹೇಳಿ.” ಅವಳ ಆತಂಕ ಸುಳ್ಳಲ್ಲ, ದೂರ ಇರುವವರಿಗೆ ಫೋನೊಂದೇ ಕಣ್ಣು. ಆದರೆ ಮೇಷ್ಟ್ರು ತಿಂದದ್ದರ ಸುದ್ದಿ ಮೇಷ್ಟ್ರದು. ತಿನ್ನುವ ಮೊದಲು ಅವರಿಗೆ ಪೂರ್ತಿ ನಿಜ ಹೇಳುವ ಹೊಣೆ ನನಗಿತ್ತು. ಅದೇ ಹೊಣೆ ನನ್ನನ್ನು ಅವರ ಕಾವಲುಗಾರಳನ್ನಾಗಿ ಮಾಡುವುದಿಲ್ಲ. “ನಾನು ಓಟ್ಸ್ ಬಾರ್ ಮಾಡಿದ್ದೆ, ಒಂದು ಕೊಟ್ಟೆ, ಅದರಲ್ಲಿ ಎಷ್ಟು ಸಿಹಿ ಇದೆ ಅಂತಾನೂ ಅವರಿಗೆ ಹೇಳಿದೆ. ಎಷ್ಟು ತಿಂದರು ಅನ್ನೋದನ್ನ ಅವರನ್ನೇ ಕೇಳಮ್ಮ” ಅಂದೆ.

“ಅಂದ್ರೆ ತಿಂದಿದ್ದಾರೆ” ಎಂದು ನಕ್ಕಳು. ನಾನು ಮಾತಾಡಲಿಲ್ಲ. ಆ ಮೌನ ಕೂಡ ಒಂದು ಉತ್ತರವೇ ಆಯಿತೇನೋ.

ಎರಡು ದಿನ ಬಿಟ್ಟು ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಿದರು. “ಮಗಳು ಫೋನ್ ಮಾಡಿದ್ದಳು. ಸಂಜೆ ಎಷ್ಟು ತಿಂದಿರಿ ಅಂತ ಕೇಳಿದಳು, ಅರ್ಧ ಅಂತ ನಿಜಾನೇ ಹೇಳಿದೆ” ಅಂದರು. ಜೇಬಿನಲ್ಲಿದ್ದ ಅರ್ಧ ಏನಾಯಿತು ಎಂದು ಕೇಳಿದೆ.

“ಅದು ಮಾರನೇ ಬೆಳಿಗ್ಗೆ. ಬೆಳಗಿನದನ್ನ ಅವಳು ಕೇಳಲೇ ಇಲ್ಲವಲ್ಲಮ್ಮ.”